ಹೊಸ ಕಂಪೈಲರ್ ಬಂದಾಗ ಹಳೆಯ ಸೋರ್ಸ್ ಕೋಡ್‌ನಲ್ಲಿ ಮುರಿಯುವುದು ಏನು?

(ಸಾರ್ವಜನಿಕ ಉಪನ್ಯಾಸವೊಂದರ ಪರಿಷ್ಕೃತ ಬರಹ ರೂಪ)

ಕಂಪೈಲರ್ ಎಂದರೆ ನಾವು ಬರೆದ ಸೋರ್ಸ್ ಕೋಡನ್ನು ಯಂತ್ರ ಓಡಿಸಬಲ್ಲ ಬೈನರಿಯಾಗಿ ಬದಲಿಸುವ ಸಾಧನ; ಹಾಗೆ ಬದಲಿಸುವ ಇಡೀ ಕೆಲಸವೇ ಬಿಲ್ಡ್. ಲಿನಕ್ಸ್ ಲೋಕದಲ್ಲಿ ಬಹಳ ಬಳಕೆಯಲ್ಲಿರುವ ಜಿಸಿಸಿ ಕಂಪೈಲರಿನ 14ನೆಯ ಆವೃತ್ತಿ 2024ರ ಮೇ ತಿಂಗಳಿನಲ್ಲಿ ಹೊರಬಂದಿತು. ಅದುವರೆಗೆ ಒಂದು ಎಚ್ಚರಿಕೆಯ ಸಾಲನ್ನು ಮುದ್ರಿಸಿ ಮುಂದಕ್ಕೆ ಹೋಗುತ್ತಿದ್ದ ಸಿ ಭಾಷೆಯ ಕೆಲವು ತಪ್ಪುಗಳನ್ನು ಈ ಆವೃತ್ತಿ ದೋಷಗಳೆಂದೇ ಪರಿಗಣಿಸಿ ಅಲ್ಲಿಯೇ ನಿಲ್ಲತೊಡಗಿತು. ಒಂದಕ್ಷರವೂ ಬದಲಾಗದ, ಹಿಂದಿನ ಆವೃತ್ತಿಯಲ್ಲಿ ಸರಾಗವಾಗಿ ಬಿಲ್ಡ್ ಆಗುತ್ತಿದ್ದ ಎಷ್ಟೋ ತಂತ್ರಾಂಶಗಳು ಇದರಿಂದ ಬಿಲ್ಡ್ ಆಗದೆ ಉಳಿದವು. ಲಿನಕ್ಸ್ ಹಾಗೂ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ ಡೆಬಿಯನ್ ವಿತರಣೆಯವರು ಇಂತಹ ಸ್ಥಿತಿಯನ್ನು ‘ಎಫ್‌ಟಿಬಿಎಫ್‌ಎಸ್’ ಎಂದು ಸಂಕ್ಷೇಪವಾಗಿ ಕರೆಯುತ್ತಾರೆ. ಸೋರ್ಸ್‌ನಿಂದ ಬಿಲ್ಡ್ ಆಗುತ್ತಿಲ್ಲ ಎಂಬಷ್ಟೇ ಅದರ ಅರ್ಥ. ಇಂದಿನ ಮಾತಿನಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟು: ಹೀಗೆ ಸದ್ದು ಮಾಡಿ ನಿಲ್ಲುವ ಬಿಲ್ಡ್‌ನಿಂದ ನಮಗೆ ಆಗುವ ತೊಂದರೆ ಅಷ್ಟೇನೂ ದೊಡ್ಡದಲ್ಲ. ಕಂಪೈಲರ್ ಬದಲಾದ ಮೇಲೂ ಬಿಲ್ಡ್ ಯಾವ ತಕರಾರೂ ಇಲ್ಲದೆ ಮುಗಿದು, ಒಳಗೆ ಸಿದ್ಧವಾದ ವಸ್ತು ಮಾತ್ರ ಬೇರೆಯಾಗಿರುವ ಸಂದರ್ಭಗಳೇ ನಿಜವಾಗಿ ಹೆದರಬೇಕಾದವು.

ಸಿದ್ಧ ಬೈನರಿಯನ್ನು ಇಳಿಸಿಕೊಂಡು ಬಳಸುವವರ ಕಣ್ಣಿಗೆ ಈ ಜಗತ್ತು ಬೀಳುವುದೇ ಇಲ್ಲ. ಜಿಸಿಸಿ 2015ರಿಂದ ಈಚೆಗೆ ವರ್ಷಕ್ಕೊಂದು ದೊಡ್ಡ ಆವೃತ್ತಿಯನ್ನು, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಬಿಡುಗಡೆ ಮಾಡುತ್ತ ಬಂದಿದೆ. ಫೆಡೋರಾ ಎಂಬ ಇನ್ನೊಂದು ವಿತರಣೆ ಅದಕ್ಕೂ ಕಾಯುವುದಿಲ್ಲ. ವರ್ಷದ ಆರಂಭದಲ್ಲಿಯೇ ಬಿಡುಗಡೆಪೂರ್ವ ಕಂಪೈಲರನ್ನು ತಂದುಕೊಂಡು ತನ್ನ ಪ್ಯಾಕೇಜುಗಳನ್ನೆಲ್ಲ ಮತ್ತೆ ಬಿಲ್ಡ್ ಮಾಡುತ್ತದೆ. ಹಾಗಾಗಿಯೇ 2024ರ ಏಪ್ರಿಲ್‌ನಲ್ಲಿ ಬಂದ ಫೆಡೋರಾ 40ರಲ್ಲಿ, ಅಧಿಕೃತವಾಗಿ ಇನ್ನೂ ಬಿಡುಗಡೆಯಾಗದಿದ್ದ ಜಿಸಿಸಿ 14 ಇತ್ತು. ಜೆಂಟೂ ವಿತರಣೆಯನ್ನು ಬಳಸುವವರು ತಮ್ಮ ಮನೆಯ ಯಂತ್ರದಲ್ಲಿಯೇ ಎಲ್ಲವನ್ನೂ ಬಿಲ್ಡ್ ಮಾಡಿಕೊಳ್ಳುವುದರಿಂದ ಹೊಸ ಕಂಪೈಲರಿನ ಬಿಸಿ ಅವರಿಗೆ ನೇರವಾಗಿ ತಟ್ಟುತ್ತದೆ. ಸಂಶೋಧನಾ ಸಂಸ್ಥೆಗಳ ದೊಡ್ಡ ಗಣಕಗಳಲ್ಲಿ ಹತ್ತಾರು ವರ್ಷ ಹಳೆಯ ವೈಜ್ಞಾನಿಕ ತಂತ್ರಾಂಶಗಳನ್ನು ನೋಡಿಕೊಳ್ಳುವವರ ಪಾಡೂ ಇದೇ. ಅಲ್ಲಿ ಮೂಲ ಲೇಖಕರು ನಿವೃತ್ತರಾಗಿರುವುದು ಸಾಮಾನ್ಯ ಸಂಗತಿ.

ಮೊದಲು ಅತ್ಯಂತ ಹೆಚ್ಚು ತೊಂದರೆ ಕೊಟ್ಟ ತಪ್ಪನ್ನೇ ತೆಗೆದುಕೊಳ್ಳೋಣ. ಸಿ ಭಾಷೆಯ 1989ರ ಮಾನಕದ ಪ್ರಕಾರ, ಮುಂಚಿತವಾಗಿ ಘೋಷಿಸದ ಫಂಕ್ಷನ್ (ಹೆಸರಿಟ್ಟ ಕೋಡ್ ತುಣುಕು) ಒಂದನ್ನು ಕರೆದರೆ, ಅದು ‘ಇಂಟ್’ (ಪೂರ್ಣಾಂಕ) ಬಗೆಯ ಬೆಲೆಯನ್ನು ಹಿಂತಿರುಗಿಸುತ್ತದೆ ಎಂದು ಕಂಪೈಲರ್ ತಾನೇ ಊಹಿಸಿಕೊಳ್ಳುತ್ತಿತ್ತು. 1999ರ ಮಾನಕ ಈ ಊಹೆಯನ್ನು ಭಾಷೆಯಿಂದ ತೆಗೆದುಹಾಕಿತು. ಹಳೆಯ ಕೋಡ್ ಮುರಿಯಬಾರದೆಂಬ ಕಾರಣಕ್ಕೆ ಕಂಪೈಲರುಗಳು ಮಾತ್ರ ಅದನ್ನು ಸಹಿಸಿಕೊಂಡೇ ಬಂದವು. ಆಪಲ್ ತನ್ನ ಅಭಿವೃದ್ಧಿ ಸಾಧನವಾದ ಎಕ್ಸ್‌ಕೋಡ್ 12ರಲ್ಲಿ, ಅಂದರೆ 2020ರಲ್ಲಿ, ಇದನ್ನು ದೋಷವಾಗಿಸಿತು. 2023ರ ಮಾರ್ಚ್‌ನಲ್ಲಿ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿನ 16ನೆಯ ಆವೃತ್ತಿ ಅದೇ ಹಾದಿ ಹಿಡಿಯಿತು. ಜಿಸಿಸಿ ಕೊನೆಗೆ, ಮಾನಕ ಬಂದು ಕಾಲು ಶತಮಾನ ಕಳೆದ ಮೇಲೆ, ಒಪ್ಪಿಕೊಂಡಿತು. ನಮ್ಮ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ಕಾಲೇಜುಗಳ ಲ್ಯಾಬುಗಳಲ್ಲಿ ಟರ್ಬೊ ಸಿಯ ನೀಲಿ ಪರದೆಯ ಮುಂದೆ ಕುಳಿತು ಕಲಿತವರಿಗೆ ಈ ಶೈಲಿಯ ಪರಿಚಯ ಚೆನ್ನಾಗಿಯೇ ಇದೆ: ‘ಮೇನ್’ ಎಂಬುದರ ಹಿಂದೆ ಯಾವ ಬಗೆಯನ್ನೂ ಬರೆಯಬೇಕಾಗಿರಲಿಲ್ಲ, ಫಂಕ್ಷನ್ನುಗಳ ಘೋಷಣೆಗಳಿರುವ ಹೆಡರ್ ಕಡತವನ್ನು ಮರೆತರೂ ಸಿ ಕಡತ ಕಂಪೈಲ್ ಆಗುತ್ತಿತ್ತು. ಆ 16 ಬಿಟ್ ಕಾಲದ ಸ್ಮಾಲ್ ಮಾಡೆಲ್‌ನಲ್ಲಿ ಇಂಟ್‌ಗೂ ಎರಡು ಬೈಟ್, ಸ್ಮೃತಿಯ ವಿಳಾಸವನ್ನು ಹಿಡಿದಿಡುವ ಪಾಯಿಂಟರಿಗೂ ಎರಡು ಬೈಟ್ ಇದ್ದುದರಿಂದ ಆ ಊಹೆ ಕೆಲಸವನ್ನು ಕೆಡಿಸುತ್ತಲೂ ಇರಲಿಲ್ಲ.

ಇಂದಿನ 64 ಬಿಟ್ ಲಿನಕ್ಸ್‌ನಲ್ಲಿ ಇಂಟ್ ನಾಲ್ಕು ಬೈಟ್, ಪಾಯಿಂಟರ್ ಎಂಟು ಬೈಟ್. ‘ಸ್ಟ್ರ್‌ಕೇಸ್‌ಸ್ಟ್ರ್’ ಎಂಬ ಫಂಕ್ಷನ್ ಒಂದು ಪಾಯಿಂಟರನ್ನು ಹಿಂತಿರುಗಿಸುತ್ತದೆ. ‘ಸ್ಟ್ರಿಂಗ್’ ಹೆಡರನ್ನು ಸೇರಿಸಿದರಷ್ಟೇ ಅದರ ಘೋಷಣೆ ಸಿಗುವುದಿಲ್ಲ. ಗ್ನೂ ವಿಸ್ತರಣೆಗಳು ಬೇಕೆಂದು ಸೂಚಿಸುವ ಮ್ಯಾಕ್ರೊವನ್ನೂ ಕಡತದ ಮೇಲ್ಭಾಗದಲ್ಲಿ ಬರೆದಿರಬೇಕು. ಬರೆಯದಿದ್ದರೆ ಹಳೆಯ ಕಂಪೈಲರ್ ಅದನ್ನು ಇಂಟ್ ಹಿಂತಿರುಗಿಸುವ ಫಂಕ್ಷನ್ ಎಂದುಕೊಂಡು, ಬಂದ ವಿಳಾಸದ ಕೆಳಗಿನ 32 ಬಿಟ್‌ಗಳನ್ನು ಮಾತ್ರ ಉಳಿಸಿಕೊಂಡು, ಅದನ್ನೇ ಮತ್ತೆ 64 ಬಿಟ್‌ಗೆ ಹಿಗ್ಗಿಸುತ್ತದೆ. ವಿಳಾಸವು ಸ್ಮೃತಿಯ ತೀರ ಕೆಳಭಾಗದ್ದಾಗಿದ್ದರೆ ಮೇಲಿನ ಬಿಟ್‌ಗಳೆಲ್ಲ ಸೊನ್ನೆಯೇ ಆಗಿರುವುದರಿಂದ ಕತ್ತರಿಸಿದ್ದು ಗೊತ್ತೇ ಆಗುವುದಿಲ್ಲ. ಸ್ಥಿರ ವಿಳಾಸದಲ್ಲಿ ಲೋಡ್ ಆಗುತ್ತಿದ್ದ ಹಳೆಯ ಮಾದರಿಯ ಪ್ರೋಗ್ರಾಮುಗಳಲ್ಲಿ ಸ್ಥಿರ ದತ್ತಾಂಶ ಮತ್ತು ಹೀಪ್ (ಓಡುವಾಗ ಪಡೆಯುವ ಸ್ಮೃತಿ) ಸಾಮಾನ್ಯವಾಗಿ ಅಂತಹ ಕೆಳವಿಳಾಸಗಳಲ್ಲಿಯೇ ಇರುತ್ತಿದ್ದವು. ಮುಂದೆ ಭದ್ರತೆಗಾಗಿ ವಿತರಣೆಗಳು ‘ಪೈ’ ಎಂಬ, ಎಲ್ಲಿ ಬೇಕಾದರೂ ಲೋಡ್ ಆಗಬಲ್ಲ ಮಾದರಿಯನ್ನು ಕಂಪೈಲರಿನ ಸಹಜ ಸ್ಥಿತಿಯಾಗಿಸಿದಾಗ ವಿಳಾಸಗಳು ಮೇಲಕ್ಕೆ ಹೋದವು. ವರ್ಷಗಟ್ಟಲೆ ಓಡಿದ್ದ ಪ್ರೋಗ್ರಾಮು ಕುಸಿಯಿತು. ಬಿಲ್ಡ್ ಮಾಡುವಾಗ ದೋಷ ಇರಲಿಲ್ಲ, ಕೋಡ್ ಬದಲಾಗಿರಲಿಲ್ಲ, ಎಚ್ಚರಿಕೆಯ ಸಾಲು ಸಾವಿರಾರು ಸಾಲುಗಳ ನಡುವೆ ಎಂದಿನಂತೆ ಮುದ್ರಿತವಾಗಿತ್ತು. ಈ ಹಿನ್ನೆಲೆಯಲ್ಲಿ ನೋಡಿದರೆ ಜಿಸಿಸಿ 14 ಮಾಡಿದ್ದು ಕಿರುಕುಳವಲ್ಲ. ಓಡುವ ಹೊತ್ತಿನ ಕುಸಿತವನ್ನು ಬಿಲ್ಡ್ ಹೊತ್ತಿನ ದೋಷವಾಗಿ ಮುಂದಕ್ಕೆ ತಂದ ಉಪಕಾರ.

ಆದರೆ ಆ ಉಪಕಾರದ ಇನ್ನೊಂದು ಮುಖವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಯುನಿಕ್ಸ್ ಪರಂಪರೆಯ ತಂತ್ರಾಂಶಗಳಲ್ಲಿ ‘ಕಾನ್ಫಿಗರ್’ ಎಂಬ ಶೆಲ್ ಸ್ಕ್ರಿಪ್ಟ್ ಇರುತ್ತದೆ. ಅದನ್ನು ಸಾಮಾನ್ಯವಾಗಿ ಆಟೊಕಾನ್ಫ್ ಎಂಬ ಸಾಧನ ತಯಾರಿಸುತ್ತದೆ. ಈ ಯಂತ್ರದಲ್ಲಿ ಇಂತಹ ಫಂಕ್ಷನ್ ಇದೆಯೇ, ಇಂತಹ ಲೈಬ್ರರಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಆ ಸ್ಕ್ರಿಪ್ಟ್ ಅನುಸರಿಸುವ ವಿಧಾನ ಬಹಳ ಸರಳ: ನಾಲ್ಕೈದು ಸಾಲಿನ ಸಿ ಪ್ರೋಗ್ರಾಮೊಂದನ್ನು ಬರೆದು ಕಂಪೈಲರಿಗೆ ಕೊಡುತ್ತದೆ, ಕಂಪೈಲ್ ಆದರೆ ‘ಇದೆ’, ಆಗದಿದ್ದರೆ ‘ಇಲ್ಲ’. ಆಗದಿದ್ದುದು ಯಾವ ಕಾರಣಕ್ಕೆ ಎಂದು ಅದು ಕೇಳುವುದಿಲ್ಲ. ಯೋಜನೆಗಳ ಕರ್ತರು ತಾವೇ ಕೈಯಿಂದ ಬರೆದು ಸೇರಿಸಿದ ಇಂತಹ ಪರೀಕ್ಷೆಗಳಲ್ಲಿ ‘ಮೇನ್’ ಹಿಂದೆ ಇಂಟ್ ಇಲ್ಲದಿರುವುದು, ಹೆಡರ್ ಸೇರಿಸದೆ ‘ಎಕ್ಸಿಟ್’ ಕರೆಯುವುದು ಅತಿ ಸಾಮಾನ್ಯ. ಜಿಸಿಸಿ 13ರಲ್ಲಿ ಆ ಪರೀಕ್ಷೆ ಗೆಲ್ಲುತ್ತಿತ್ತು. 14ರಲ್ಲಿ ಅದು ಸೋಲುತ್ತದೆ. ಸೋತದ್ದು ಎಕ್ಸಿಟ್‌ನ ಘೋಷಣೆ ಇಲ್ಲದ್ದಕ್ಕೆ, ಆದರೆ ಸ್ಕ್ರಿಪ್ಟ್ ತೀರ್ಮಾನಿಸುವುದು ತಾನು ಹುಡುಕುತ್ತಿದ್ದ ಸೌಲಭ್ಯವೇ ಈ ಯಂತ್ರದಲ್ಲಿ ಇಲ್ಲವೆಂದು. ಅಲ್ಲಿಂದ ಮುಂದೆ ಯಾವ ದೋಷವೂ ಕಾಣಿಸದು. ತಂತ್ರಾಂಶ ಆ ಸೌಲಭ್ಯವನ್ನು ಬಿಟ್ಟೋ, ಹಳೆಯ ಬದಲಿ ಮಾರ್ಗವನ್ನು ಹಿಡಿದೋ ಬಿಲ್ಡ್ ಆಗಿ ಮುಗಿಯುತ್ತದೆ. ಆ ಸೌಲಭ್ಯ ಕೇವಲ ವೇಗಕ್ಕೆ ಸಂಬಂಧಿಸಿದ್ದಾದರೆ ಪ್ರೋಗ್ರಾಮು ನಿಧಾನವಾಗುತ್ತದೆ. ಭದ್ರತೆಗೆ ಸಂಬಂಧಿಸಿದ್ದಾದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ.

ಫೆಡೋರಾದಲ್ಲಿ ಈ ಕೆಲಸವನ್ನು ಮುಂದೆ ನಿಂತು ನಡೆಸಿದ ಫ್ಲೋರಿಯನ್ ವೈಮರ್ ಮತ್ತು ಸಂಗಡಿಗರು ಈ ಅಪಾಯವನ್ನು ಮೊದಲೇ ಕಂಡಿದ್ದರು. ಬಿಲ್ಡ್ ನಿಂತಿತೇ ಇಲ್ಲವೇ ಎಂದು ನೋಡುವುದರಿಂದ ಪ್ರಯೋಜನವಿಲ್ಲವಾದ್ದರಿಂದ, ಕಂಪೈಲರನ್ನೇ ತಿದ್ದಿ, ಇಂತಹ ತಪ್ಪು ಎದುರಾದಾಗಲೆಲ್ಲ ಅದನ್ನು ಪ್ರತ್ಯೇಕವಾಗಿ ದಾಖಲಿಸುವಂತೆ ಮಾಡಿ, ಪ್ಯಾಕೇಜುಗಳನ್ನು ಬಿಲ್ಡ್ ಮಾಡಿ ನೋಡಿದರು. ಕಾನ್ಫಿಗರ್ ಪರೀಕ್ಷೆಯೊಳಗಿನ ತಪ್ಪೂ ಹೀಗೆ ಸಿಕ್ಕಿಬಿತ್ತು. ಜೆಂಟೂದ ಪ್ಯಾಕೇಜ್ ನಿರ್ವಾಹಕ ಪೋರ್ಟೇಜ್ ಬೇರೆ ದಾರಿ ಹಿಡಿಯಿತು: ಕಾನ್ಫಿಗರ್ ತನ್ನ ಪರೀಕ್ಷೆಗಳ ವಿವರವನ್ನು ಬರೆದಿಡುವ ದಾಖಲೆ ಕಡತವನ್ನು ಶೋಧಿಸಿ, ಘೋಷಿಸದ ಫಂಕ್ಷನ್ ಎಂಬ ದೂರು ಅಲ್ಲಿ ಕಂಡರೆ ಬಳಕೆದಾರನಿಗೆ ತಿಳಿಸುತ್ತದೆ. ನಮ್ಮ ನಿಮ್ಮಂಥವರಿಗೆ ಇವೆರಡಕ್ಕಿಂತ ಸುಲಭವಾದ ಉಪಾಯವಿದೆ. ಹಳೆಯ ಕಂಪೈಲರಿನಿಂದ ಒಮ್ಮೆ, ಹೊಸದರಿಂದ ಒಮ್ಮೆ ಕಾನ್ಫಿಗರ್ ನಡೆಸಿ, ಎರಡೂ ಸಲ ಹುಟ್ಟಿದ ಪರೀಕ್ಷೆಗಳ ಫಲಿತಾಂಶವಿರುವ ಕಾನ್ಫಿಗ್ ಹೆಡರುಗಳನ್ನು ‘ಡಿಫ್’ ಮಾಡಿ ನೋಡಬೇಕು. ಎರಡರ ನಡುವೆ ಒಂದು ಸಾಲು ವ್ಯತ್ಯಾಸ ಬಂದರೂ ಅದಕ್ಕೆ ಕಾರಣ ಹುಡುಕದೆ ಬಿಡಬಾರದು. ಕಂಪೈಲರ್ ಬದಲಿಸುವವರಲ್ಲಿ ಈ ಐದು ನಿಮಿಷದ ಕೆಲಸ ಮಾಡುವವರು ಬಹಳ ಕಡಿಮೆ ಎಂಬುದು ನನ್ನ ಅನಿಸಿಕೆ.

ಸದ್ದು ಮಾಡುವ ಮುರಿತಗಳ ಬಗ್ಗೆ ಹೆಚ್ಚು ಹೊತ್ತು ಕಳೆಯುವುದಿಲ್ಲ. 2020ರ ಜಿಸಿಸಿ 10ರಿಂದ ‘-ಎಫ್‌ನೋ-ಕಾಮನ್’ ಎಂಬುದು ಸಹಜ ಸ್ಥಿತಿಯಾಯಿತು. ಹೆಡರ್ ಕಡತದಲ್ಲಿ ‘ಎಕ್ಸ್‌ಟರ್ನ್’ ಬರೆಯದೆ ಒಂದು ಜಾಗತಿಕ ಚಲಕವನ್ನು ಇಟ್ಟು, ಆ ಹೆಡರನ್ನು ಹತ್ತು ಸಿ ಕಡತಗಳಲ್ಲಿ ಸೇರಿಸಿದರೆ, ಹಿಂದೆ, ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಆ ಹತ್ತು ಪ್ರತಿಗಳನ್ನು ಒಂದಾಗಿ ಬೆಸೆಯುತ್ತಿತ್ತು. ಈಗ ‘ಮಲ್ಟಿಪಲ್ ಡೆಫಿನಿಷನ್’ ಎಂದು ನಿಲ್ಲುತ್ತದೆ. ಹೆಡರಿನಲ್ಲಿ ಎಕ್ಸ್‌ಟರ್ನ್ ಹಾಕಿ, ಒಂದೇ ಸಿ ಕಡತದಲ್ಲಿ ನಿಜವಾದ ಚಲಕವನ್ನು ಇಟ್ಟರೆ ಮುಗಿಯಿತು. 2023ರ ಜಿಸಿಸಿ 13ರಲ್ಲಿ ಸಿ++ನ ಕೆಲವು ಹೆಡರುಗಳು ‘ಸಿಸ್ಟಡ್‌ಇಂಟ್’ ಹೆಡರನ್ನು ತಮ್ಮೊಳಗೆ ಎಳೆದುಕೊಳ್ಳುವುದನ್ನು ನಿಲ್ಲಿಸಿದ್ದರಿಂದ, ಅದನ್ನು ತಾವಾಗಿ ಸೇರಿಸಿಕೊಳ್ಳದಿದ್ದ ಅಸಂಖ್ಯ ಕಡತಗಳಲ್ಲಿ ‘ಯುಇಂಟ್32_ಟಿ’ ಎಂಬ ಬಗೆಯೇ ಇಲ್ಲವೆಂಬ ದೋಷ ಬಂತು. ಒಂದು ಸಾಲು ಸೇರಿಸಿದರೆ ಪರಿಹಾರ. ಎಚ್ಚರಿಕೆಗಳನ್ನೆಲ್ಲ ದೋಷವಾಗಿಸುವ ‘-ಡಬ್ಲ್ಯೂಎರರ್’ ಆಯ್ಕೆಯನ್ನು ಬಿಡುಗಡೆಯ ಸೋರ್ಸ್‌ನಲ್ಲಿಯೂ ಉಳಿಸುವ ಯೋಜನೆಗಳಿವೆ. ಹೊಸ ಕಂಪೈಲರ್ ಹೊಸ ಎಚ್ಚರಿಕೆಗಳನ್ನು ತಂದೇ ತರುತ್ತದೆ ಎಂದು ಗೊತ್ತಿದ್ದೂ ಹೀಗೆ ಮಾಡುವುದು ಬೇರೆಯವರ ಸಮಯದ ಬಗ್ಗೆ ತೋರುವ ಅಸಡ್ಡೆ ಎಂದೇ ನಾನು ಹೇಳುತ್ತೇನೆ. ಆ ಆಯ್ಕೆಯ ಸ್ಥಾನ ಯೋಜನೆಯವರ ಸ್ವಂತ ಪರೀಕ್ಷಾ ಯಂತ್ರಗಳಲ್ಲಿ ಮಾತ್ರ.

ಇನ್ನು ಕೋಡನ್ನು ವೇಗಗೊಳಿಸಲು ಮಾರ್ಪಡಿಸುವ ಕಂಪೈಲರಿನ ಭಾಗವಾದ ಆಪ್ಟಿಮೈಸರಿನ ಕಡೆಗೆ ಬರೋಣ. ಇಲ್ಲಿ ಬಿಲ್ಡ್ ನಿಲ್ಲುವ ಮಾತೇ ಇಲ್ಲ. ಸಿ++ನಲ್ಲಿ ವಸ್ತುವೊಂದರ ಮೇಲೆ ಕರೆದ ಫಂಕ್ಷನ್ನಿನೊಳಗೆ ಆ ವಸ್ತುವನ್ನು ಸೂಚಿಸುವ ‘ದಿಸ್’ ಪಾಯಿಂಟರ್ ಎಂದಿಗೂ ಶೂನ್ಯವಾಗಿರಲಾರದು ಎಂಬುದು ಭಾಷೆಯ ನಿಯಮ. ಆದರೂ ‘ದಿಸ್ ಶೂನ್ಯವಾದರೆ ಹಿಂತಿರುಗು’ ಎಂಬ ಸಾಲನ್ನು ಫಂಕ್ಷನ್ನಿನ ಮೊದಲಿಗೆ ಬರೆದು, ಶೂನ್ಯ ಪಾಯಿಂಟರಿನ ಮೇಲೂ ಧೈರ್ಯವಾಗಿ ಅದನ್ನು ಕರೆಯುವ ರೂಢಿ ದೊಡ್ಡ ದೊಡ್ಡ ಯೋಜನೆಗಳಲ್ಲಿತ್ತು. 2016ರ ಜಿಸಿಸಿ 6 ಭಾಷೆಯ ನಿಯಮವನ್ನು ಅಕ್ಷರಶಃ ನಂಬಿ, ಆ ಪರೀಕ್ಷೆಯ ಸಾಲು ಎಂದಿಗೂ ನಿಜವಾಗಲಾರದೆಂದು ಅದನ್ನು ಅಳಿಸಿಹಾಕಿತು. ಕ್ಯೂಟಿ 5, ಕ್ರೋಮಿಯಂ, ಕೆಡೆವಲಪ್ ಯೋಜನೆಗಳ ಇಂತಹ ಕೋಡ್ ಇದರಿಂದ ಮುರಿಯುತ್ತದೆ ಎಂದು ಆ ಆವೃತ್ತಿಯ ಬಿಡುಗಡೆ ಟಿಪ್ಪಣಿಯೇ ಹೆಸರು ಹೇಳಿ ತಿಳಿಸಿತ್ತು. ತಾತ್ಕಾಲಿಕವಾಗಿ ಶೂನ್ಯ ಪರೀಕ್ಷೆಗಳನ್ನು ಅಳಿಸದಂತೆ ತಡೆಯುವ ಆಯ್ಕೆಯನ್ನೂ ಸೂಚಿಸಿತ್ತು.

ಅದೇ ಆಯ್ಕೆಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಇನ್ನೂ ಹಳೆಯ ಇತಿಹಾಸವಿದೆ. 2009ರಲ್ಲಿ ಕರ್ನಲ್‌ನ ‘ಟುನ್’ ಡ್ರೈವರಿನಲ್ಲಿ ಒಂದು ಫಂಕ್ಷನ್ ಮೊದಲು ಪಾಯಿಂಟರಿನೊಳಗಿನ ಒಂದು ಬೆಲೆಯನ್ನು ಓದುತ್ತಿತ್ತು, ಆ ನಂತರ ಆ ಪಾಯಿಂಟರ್ ಶೂನ್ಯವೇ ಎಂದು ಪರೀಕ್ಷಿಸುತ್ತಿತ್ತು. ಶೂನ್ಯ ಪಾಯಿಂಟರನ್ನು ಓದುವಂತಿಲ್ಲ, ಇಲ್ಲಿ ಓದಲಾಗಿದೆ, ಆದ್ದರಿಂದ ಇದು ಶೂನ್ಯವಲ್ಲ, ಆದ್ದರಿಂದ ಮುಂದಿನ ಪರೀಕ್ಷೆ ಅನಗತ್ಯ ಎಂಬ ತರ್ಕದಿಂದ ಕಂಪೈಲರ್ ಪರೀಕ್ಷೆಯನ್ನು ತೆಗೆಯಿತು. ಕರ್ನಲ್‌ನಲ್ಲಿ ಶೂನ್ಯ ವಿಳಾಸವನ್ನೂ ಆಕ್ರಮಣಕಾರ ಮ್ಯಾಪ್ ಮಾಡಿಕೊಳ್ಳಬಹುದಾದ ಸಂದರ್ಭಗಳಿದ್ದುದರಿಂದ, ಒಂದು ಸಾಮಾನ್ಯ ತಪ್ಪು ಯಂತ್ರವನ್ನೇ ವಶಪಡಿಸಿಕೊಳ್ಳುವ ದಾರಿಯಾಯಿತು. ಅದಾದ ಮೇಲೆ ಕರ್ನಲ್ ಆ ತಡೆ ಆಯ್ಕೆಯನ್ನು ತನ್ನ ಬಿಲ್ಡ್‌ಗೆ ಕಾಯಂ ಆಗಿ ಸೇರಿಸಿಕೊಂಡಿತು. ಸೋರ್ಸ್ ಓದಿದವನಿಗೆ ಪರೀಕ್ಷೆಯ ಸಾಲು ಕಣ್ಣೆದುರೇ ಇದೆ. ಬೈನರಿಯಲ್ಲಿ ಅದು ಇಲ್ಲ. ಕೋಡ್ ಪರಿಶೀಲನೆಯಿಂದ ಇಂತಹದ್ದು ಸಿಕ್ಕುವುದು ಅಪರೂಪ.

ಹಾಗಾದರೆ ತಪ್ಪು ಯಾವಾಗಲೂ ಕೋಡ್‌ನದೇ, ಕಂಪೈಲರ್ ನಿರ್ದೋಷಿಯೇ ಎಂದು ನೀವು ಕೇಳಬಹುದು. ಅಲ್ಲ. ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ‘ಸಿಸ್ಮಿತ್’ ಎಂಬ ಸಾಧನ, ಯಾದೃಚ್ಛಿಕವಾಗಿ ಸಿ ಪ್ರೋಗ್ರಾಮುಗಳನ್ನು ಹುಟ್ಟುಹಾಕಿ, ಬೇರೆ ಬೇರೆ ಕಂಪೈಲರುಗಳ ಉತ್ತರಗಳನ್ನು ಹೋಲಿಸಿ, ಅದುವರೆಗೆ ಗೊತ್ತಿಲ್ಲದಿದ್ದ 325ಕ್ಕೂ ಹೆಚ್ಚು ಕಂಪೈಲರ್ ಬಗ್‌ಗಳನ್ನು ಪತ್ತೆಮಾಡಿತು. 2014ರಲ್ಲಿ ಜಿಸಿಸಿ 4.9.0 ಲಿನಕ್ಸ್ ಕರ್ನಲ್‌ನ ಶೆಡ್ಯೂಲರಿನಲ್ಲಿದ್ದ ‘ಲೋಡ್_ಬ್ಯಾಲೆನ್ಸ್’ ಫಂಕ್ಷನ್ನಿಗೆ ತಪ್ಪು ಯಂತ್ರಸಂಕೇತವನ್ನು ಹೊರಡಿಸಿತು: ಫಂಕ್ಷನ್ನಿನ ತಾತ್ಕಾಲಿಕ ಸ್ಮೃತಿಯಾದ ಸ್ಟ್ಯಾಕ್‌ನಲ್ಲಿ ಜಾಗವನ್ನು ಕಾಯ್ದಿರಿಸುವ ಮೊದಲೇ ಅಲ್ಲಿಗೆ ಒಂದು ಬೆಲೆಯನ್ನು ಬರೆಯುವ ಕೋಡ್ ಅದು. ನಡುವೆ ಇಂಟರಪ್ಟ್ ಬಂದರೆ ಆ ಬೆಲೆ ಅಳಿಸಿಹೋಗುತ್ತಿತ್ತು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಆಗ ಬಳಸಿದ ಭಾಷೆಯನ್ನು ಈ ಸಭೆಯಲ್ಲಿ ಹೇಳುವಂತಿಲ್ಲ. ಡೀಬಗ್ ಮಾಹಿತಿಗೆ ಸಂಬಂಧಿಸಿದ ಒಂದು ಆಯ್ಕೆಯನ್ನು ಮುಚ್ಚಿ ಕರ್ನಲ್‌ನವರು ತಪ್ಪಿಸಿಕೊಂಡರು. ಹೀಗಿದ್ದರೂ ಮೊದಲ ಶಂಕೆ ಕೋಡ್‌ನ ಮೇಲೆ, ಎರಡನೆಯದೂ ಕೋಡ್‌ನ ಮೇಲೆ ಇರಲಿ. ಕಂಪೈಲರಿನ ಸರದಿ ಆಮೇಲೆ.

ಶಂಕೆಯನ್ನು ಸಾಕ್ಷಿಯಾಗಿಸುವ ವಿಧಾನ ಹೀಗೆ. ಓಡುವ ಹೊತ್ತಿನಲ್ಲಿ ಕೆಡುವ ಪ್ರೋಗ್ರಾಮನ್ನು ಆಪ್ಟಿಮೈಸೇಷನ್ ಇಲ್ಲದೆ ಬಿಲ್ಡ್ ಮಾಡಿದಾಗ ಸರಿಹೋದರೆ, ಪೂರ್ಣಾಂಕ ಉಕ್ಕಿಹರಿಯುವುದನ್ನು, ಬಗೆ ಬದಲಿಸಿದ ಪಾಯಿಂಟರುಗಳಿಂದ ಓದುವುದನ್ನು ಸಹಿಸುವ ಆಯ್ಕೆಗಳನ್ನು ಒಂದೊಂದಾಗಿ ಕೊಟ್ಟು ಯಾವುದರಿಂದ ಸರಿಹೋಗುತ್ತದೆಂದು ನೋಡಬೇಕು. ಅನಿರ್ದಿಷ್ಟ ವರ್ತನೆಯನ್ನು (ನಿಯಮ ಮೀರಿದ್ದರಿಂದ ಫಲಿತಾಂಶ ಏನು ಬೇಕಾದರೂ ಆಗಬಹುದಾದ ಸ್ಥಿತಿಯನ್ನು) ಹಿಡಿಯುವ ಸ್ಯಾನಿಟೈಸರುಗಳು ಎಷ್ಟೋ ಸಲ ನೇರವಾಗಿ ಸಾಲಿನ ಸಂಖ್ಯೆಯನ್ನೇ ತೋರಿಸುತ್ತವೆ. ಅದರಿಂದಲೂ ಆಗದಿದ್ದರೆ, ಹಳೆಯ ಕಂಪೈಲರ್ ತಯಾರಿಸಿದ ಆಬ್ಜೆಕ್ಟ್ ಕಡತಗಳಲ್ಲಿ (ಒಂದೊಂದು ಸೋರ್ಸ್ ಕಡತದ ಕಂಪೈಲ್ ಆದ ರೂಪಗಳಲ್ಲಿ) ಅರ್ಧವನ್ನು, ಹೊಸದು ತಯಾರಿಸಿದವುಗಳಲ್ಲಿ ಉಳಿದರ್ಧವನ್ನು ಸೇರಿಸಿ ಲಿಂಕ್ ಮಾಡಿ, ಕೆಟ್ಟದ್ದು ಯಾವ ಅರ್ಧದಲ್ಲಿದೆ ಎಂದು ನೋಡುತ್ತ ಹೋಗಬೇಕು; ಸಾವಿರ ಕಡತಗಳಿದ್ದರೂ ಹತ್ತು ಸುತ್ತಿನಲ್ಲಿ ಒಂದೇ ಕಡತಕ್ಕೆ ಬಂದು ನಿಲ್ಲುತ್ತೇವೆ. ಆ ಕಡತವನ್ನು ‘ಸಿ-ರೆಡ್ಯೂಸ್’ ಎಂಬ ಸಾಧನಕ್ಕೆ ಕೊಟ್ಟರೆ, ತಪ್ಪು ಉಳಿದಿರುವಷ್ಟು ಹೊತ್ತೂ ಸಾಲುಗಳನ್ನು ಕಳಚುತ್ತ, ಹತ್ತಿಪ್ಪತ್ತು ಸಾಲಿನ ಉದಾಹರಣೆಗೆ ಅದನ್ನು ಇಳಿಸುತ್ತದೆ. ಇಷ್ಟಾದ ಮೇಲೂ ಕೋಡ್‌ನಲ್ಲಿ ನಿಯಮಭಂಗ ಕಾಣದಿದ್ದರೆ ಮಾತ್ರ ಕಂಪೈಲರ್ ತಂಡಕ್ಕೆ ವರದಿ ಬರೆಯಬೇಕು.

ಈ ಅರ್ಧರ್ಧ ಬೆರೆಸುವ ಉಪಾಯಕ್ಕೆ ಒಂದು ಷರತ್ತಿದೆ: ಎರಡೂ ಕಂಪೈಲರುಗಳ ಎಬಿಐ, ಎಂದರೆ ಸ್ಮೃತಿಯಲ್ಲಿ ದತ್ತಾಂಶವನ್ನು ಜೋಡಿಸುವ ಮತ್ತು ಫಂಕ್ಷನ್‌ಗಳನ್ನು ಕರೆಯುವ ಒಪ್ಪಂದ, ಒಂದೇ ಆಗಿರಬೇಕು. 2015ರ ಜಿಸಿಸಿ 5ರಲ್ಲಿ ಅದು ಬದಲಾಯಿತು. 2011ರ ಸಿ++ ಮಾನಕ ಸ್ಟ್ರಿಂಗ್‌ಗಳ ಒಳರಚನೆಯ ಹಳೆಯ ವಿಧಾನಕ್ಕೆ ಅವಕಾಶ ಕೊಡದಿದ್ದರಿಂದ ಜಿಸಿಸಿಯ ಲೈಬ್ರರಿ ಹೊಸ ಸ್ಟ್ರಿಂಗ್ ಬಗೆಯನ್ನು ತಂದಿತು, ಹಳೆಯದನ್ನೂ ಪಕ್ಕದಲ್ಲಿಯೇ ಉಳಿಸಿಕೊಂಡಿತು. ಜಾಣತನವೆಂದರೆ, ಹೊಸ ಬಗೆಯ ಹೆಸರಿನೊಳಗೆ ಒಂದು ಗುರುತನ್ನು ಸೇರಿಸಿದ್ದರಿಂದ, ಹಳೆಯ ಲೈಬ್ರರಿಯನ್ನೂ ಹೊಸ ಪ್ರೋಗ್ರಾಮನ್ನೂ ಬೆರೆಸಿದರೆ ಬಹುಪಾಲು ಸಂದರ್ಭಗಳಲ್ಲಿ ಲಿಂಕರ್ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ಕೂಗಿ ನಿಲ್ಲುತ್ತದೆ. ಡೆಬಿಯನ್ ಆ ವರ್ಷ ತನ್ನ ಸಿ++ ಲೈಬ್ರರಿಗಳನ್ನು ದೊಡ್ಡ ಪ್ರಮಾಣದಲ್ಲಿ ಮರುಬಿಲ್ಡ್ ಮಾಡಬೇಕಾಯಿತು. ಬಹಳ ಮಂದಿ ಬೈದರು. ಮೌನವಾಗಿ ಕೆಡಬಹುದಾಗಿದ್ದನ್ನು ಸದ್ದು ಮಾಡಿ ಕೆಡುವಂತೆ ಬೇಕೆಂದೇ ರೂಪಿಸಿದ ಕೆಲಸ ಅದು, ಆದ್ದರಿಂದ ಕಂಪೈಲರ್ ತಂಡದ ಶ್ರೇಷ್ಠ ನಿರ್ಧಾರಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಇದು ಸಿ ಮತ್ತು ಸಿ++ನ ಹಳೆಯ ಹೊರೆ, ರಸ್ಟ್‌ನಂತಹ ಹೊಸ ಭಾಷೆಗಳಿಗೆ ಇದರ ಕಾಟವಿಲ್ಲ ಎಂದು ಭಾವಿಸುವವರಿಗೆ ಒಂದು ಉದಾಹರಣೆ. 2024ರ ಜುಲೈನಲ್ಲಿ ಬಂದ ರಸ್ಟ್ 1.80ರಲ್ಲಿ ಮಾನಕ ಲೈಬ್ರರಿಗೆ ಒಂದು ಸಣ್ಣ ಸೌಲಭ್ಯ ಸೇರಿದ ಕಾರಣ, ಬಹಳ ಬಳಕೆಯಲ್ಲಿದ್ದ ‘ಟೈಮ್’ ಎಂಬ ಕ್ರೇಟಿನ (ರಸ್ಟ್ ಲೈಬ್ರರಿಯ) 0.3.35ಕ್ಕಿಂತ ಹಿಂದಿನ ಕೆಲವು ಆವೃತ್ತಿಗಳಲ್ಲಿ ಕಂಪೈಲರಿಗೆ ಬಗೆಯೊಂದನ್ನು ಊಹಿಸಲಾಗದೆ ಬಿಲ್ಡ್ ನಿಂತಿತು. ಅವಲಂಬನೆಗಳ ಆವೃತ್ತಿಯನ್ನು ಬದಲಾಗದಂತೆ ಕಾಯುವುದಕ್ಕೆಂದೇ ಇರುವ ಲಾಕ್ ಕಡತ ಹಳೆಯ ಆವೃತ್ತಿಯನ್ನೇ ಬಿಗಿಯಾಗಿ ಹಿಡಿದಿತ್ತು.

ಕೊನೆಯದಾಗಿ, 2025ರ ಏಪ್ರಿಲ್‌ನಲ್ಲಿ ಬಂದ ಜಿಸಿಸಿ 15. ಇದು ಸಿ ಭಾಷೆಯ 2023ರ ಮಾನಕವನ್ನು ಸಹಜ ಸ್ಥಿತಿಯಾಗಿಸಿತು. ಆವರಣವನ್ನು ಖಾಲಿ ಬಿಟ್ಟು ಘೋಷಿಸಿದ ಫಂಕ್ಷನ್ ಎಂದರೆ ಹಿಂದೆ ‘ಆರ್ಗ್ಯುಮೆಂಟುಗಳ ಬಗ್ಗೆ ಏನೂ ಹೇಳಿಲ್ಲ’ ಎಂದಿತ್ತು. ಈಗ ‘ಒಂದೂ ಇಲ್ಲ’ ಎಂದಾಗಿದೆ. ನಿಜ-ಸುಳ್ಳುಗಳನ್ನು ಸೂಚಿಸುವ ‘ಬೂಲ್’, ‘ಟ್ರೂ’, ‘ಫಾಲ್ಸ್’ ಕೀಲಿಪದಗಳಾಗಿವೆ. ಬೂಲ್ ಎಂಬ ಹೆಸರಿನಲ್ಲಿ ತಮ್ಮದೇ ಬಗೆಯನ್ನು ಕಟ್ಟಿಕೊಂಡಿದ್ದ ಹಳೆಯ ಕೋಡ್ ನಿಲ್ಲುತ್ತದೆ. ಪ್ಯಾಕೇಜ್ ಸಿದ್ಧಪಡಿಸುವವರು ಇದಕ್ಕೆ ಕೊಡುತ್ತಿರುವ ತತ್‌ಕ್ಷಣದ ಮದ್ದು ‘-ಎಸ್‌ಟಿಡಿ=ಗ್ನೂ17’ ಎಂಬ ಆಯ್ಕೆ, ಅಂದರೆ ಹಿಂದಿನ ಮಾನಕದಂತೆಯೇ ಓದು ಎಂಬ ಸೂಚನೆ. ಮೂಲ ಯೋಜನೆ ಇನ್ನು ಉಸಿರಾಡುತ್ತಿಲ್ಲವೆಂದಾದರೆ ಅದು ತಪ್ಪೂ ಅಲ್ಲ. ಆದರೆ ಲೈಬ್ರರಿಗಳ ವಿಷಯದಲ್ಲಿ ಇದನ್ನು ಯೋಚಿಸದೆ ಸೇರಿಸುವಂತಿಲ್ಲ. ‘ಹೊಸ ಮಾನಕವಾದರೆ ಭಾಷೆಯ ಬೂಲ್ ಬಳಸು, ಇಲ್ಲವಾದರೆ ಬೂಲ್ ಎಂದರೆ ಇಂಟ್’ ಎಂಬ ಷರತ್ತು ಸಾರ್ವಜನಿಕ ಹೆಡರಿನಲ್ಲಿದೆ ಎಂದಿಟ್ಟುಕೊಳ್ಳಿ. ಲೈಬ್ರರಿಯನ್ನು ಹಳೆಯ ಮಾನಕದಲ್ಲಿ ಬಿಲ್ಡ್ ಮಾಡಿದರೆ ಅದರ ಸ್ಟ್ರಕ್ಟ್‌ಗಳಲ್ಲಿ (ಒಟ್ಟಿಗೆ ಜೋಡಿಸಿದ ದತ್ತಾಂಶದ ಗುಂಪುಗಳಲ್ಲಿ) ಬೂಲ್ ನಾಲ್ಕು ಬೈಟ್. ಅದೇ ಹೆಡರನ್ನು ಸೇರಿಸಿ ಹೊಸ ಮಾನಕದಲ್ಲಿ ಬಿಲ್ಡ್ ಮಾಡಿದ ಪ್ರೋಗ್ರಾಮಿನಲ್ಲಿ ಒಂದು ಬೈಟ್. ಸಿ ಭಾಷೆಯಲ್ಲಿ ಬಗೆಗಳ ಗುರುತು ಫಂಕ್ಷನ್ನಿನ ಹೆಸರಿನೊಳಗೆ ಸೇರುವುದಿಲ್ಲವಾದ್ದರಿಂದ ಲಿಂಕರ್ ಇದನ್ನು ಹಿಡಿಯಲಾರದು. ಆದ್ದರಿಂದ ಈ ಆಯ್ಕೆಯನ್ನು ಸೇರಿಸುವ ಮೊದಲು ಲೈಬ್ರರಿಯ ಹೆಡರುಗಳಲ್ಲಿ ಮಾನಕದ ಆವೃತ್ತಿಯನ್ನು ಕೇಳುವ ಷರತ್ತುಗಳಿವೆಯೇ ಎಂದು ಹುಡುಕಿ ನೋಡಿ. ಇದ್ದರೆ ಡೀಬಗ್ ಮಾಹಿತಿಯೊಂದಿಗೆ ಎರಡೂ ಮಾನಕಗಳಲ್ಲಿ ಲೈಬ್ರರಿಯನ್ನು ಬಿಲ್ಡ್ ಮಾಡಿ, ‘ಲಿಬ್‌ಅಬಿಗೇಲ್’ ಯೋಜನೆಯ ‘ಅಬಿಡಿಫ್’ ಸಾಧನಕ್ಕೆ ಎರಡೂ ಕಡತಗಳನ್ನು ಕೊಡಿ. ಸ್ಟ್ರಕ್ಟ್‌ನ ಯಾವ ಸದಸ್ಯ ಯಾವ ಬೈಟಿನಿಂದ ಯಾವ ಬೈಟಿಗೆ ಸರಿದಿದೆ ಎಂಬುದನ್ನು ಅದು ಹೆಸರು ಸಮೇತ ಮುದ್ರಿಸುತ್ತದೆ.